ಬಷೀರಣ್ಣನ ಹಿತ್ತಾಳೆ ಪಿಚಕಾರಿ

ಚಿಕ್ಕಬಳ್ಳಾಪುರದಲ್ಲಿ ಬಷೀರ್ ಅಹಮದ್ ಮನೆ ಎಲ್ಲಿ ಅಂದರೆ ಜನ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಿದ್ದರು. ಕೆಂಪು ಕಾರಿನ ಬಷೀರಣ್ಣ ಅಂದರೆ ಸಾಕು, ಬಜಾರಿನ ಬೆಲ್ಲದಂಗಡಿಯವನಿಂದ ಹಿಡಿದು ಸೊಪ್ಪು ಮಾರುವ ಓಬಳಮ್ಮನವರೆಗೆ ಎಲ್ಲರೂ ಕೈ ಎತ್ತಿ ದಾರಿ ತೋರಿಸೋರು.

ಕಾರೇನೂ ಅವನದಲ್ಲ. ಮೇಲೂರಿನ ವೆಂಕಟರವಣಪ್ಪನವರದು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ, ಮೇಲೂರಿನಲ್ಲಿ ಹೊಲ, ಹಿಪ್ಪುನೇರಳೆ ತೋಟ, ತೊಟ್ಟಿಮನೆ, ಎಲ್ಲಾ ಇದ್ದ ಮನುಷ್ಯ. ಅವರಿಗೆ ಇದ್ದ ಒಂದೇ ಒಂದು ಚಟ ಅಂದರೆ ಈ ಕಾರು. ಅದನ್ನು ನೋಡಿದವರಿಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಆಸೆ. ಉದ್ದನೆ ಮೂತಿ, ನೆಲಕ್ಕೆ ಅಂಟಿಕೊಂಡ ಹೊಟ್ಟೆ, ಮುಂದೆ ಇಬ್ಬರಿಗಷ್ಟೇ ಜಾಗ, ತಲೆ ಮೇಲೆ ಸೂರಿಲ್ಲ. ಹಿಂಭಾಗದಲ್ಲಿ ಒಂದು ಮುಚ್ಚಳ. ಅದನ್ನೆತ್ತಿದರೆ ಪೆಟ್ಟಿಗೆಯೊಳಗೆ ಕೂತ ಹಾಗೆ ಇನ್ನೊಬ್ಬರು ಕೂರಬಹುದು. ಕೋಲಾರದ ಚಿನ್ನದ ಗಣಿಯಲ್ಲಿದ್ದ ಯಾವನೋ ಬಿಳಿ ದೊರೆ ರೇಸಿಗೆ ಅಂತ ವಿಲಾಯತಿಯಿಂದ ತರಿಸಿಕೊಂಡು, ಊರು ಬಿಡುವಾಗ ಇವರಿಗೆ ಕೊಟ್ಟು ಹೋದನಂತೆ.

ವೆಂಕಟರವಣಪ್ಪನವರು ಡ್ರೈವರ್ ಆಗಿ ಬಾ ಅಂತ ಕರೆದಾಗ ಬಷೀರಣ್ಣ ಆ ಕಾರಿನ ಸುತ್ತ ಒಂದು ಸುತ್ತು ಬಂದ. ಬಾನೆಟ್ಟು ಎತ್ತಿ ಮೂಗಿಟ್ಟು ಮೂಸಿದ. ಸೀಟಿನಲ್ಲಿ ಕೂತು ಕಾಲು ಚಾಚಿ ನೋಡಿದ. ಆಮೇಲೆ ಅಂದ:

"ಸಾಹೇಬ್ರೆ, ಬಸ್ಸಲ್ಲಿ ಬೆಂಕಿ ಬಿದ್ರೆ ಓಡೋಕೆ ಜಾಗ ಇರ್ತದೆ. ಇದರಲ್ಲಿ ಇಂಜಿನ್ನು ನಮ್ಮ ತೊಡೆ ಮೇಲೇ ಕೂತಿದೆ. ಕಾದ ಪೈಪಿನ ಪಕ್ಕದಲ್ಲೇ ಪೆಟ್ರೋಲ್ ಬಟ್ಟಲು. ಕೂತ್ರೆ ಬಾಣಲೇಲಿ ಕೂತಂಗೆ, ಏಳೋಕೆ ಇಬ್ಬರು ಕೈ ಕೊಡ್ಬೇಕು. ಓಟದ ಗಾಡಿ ಮಾಡೋರು ಓಡೋದನ್ನ ನೋಡ್ತಾರೆ, ಇಳಿಯೋದನ್ನ ನೋಡಲ್ಲ. ಬೆಂಕಿ ಪಿಚಕಾರಿ ಇಲ್ಲದೆ ನಾನು ಇದನ್ನ ಮುಟ್ಟಲ್ಲ."

"ಅದೇನಯ್ಯ ಬೆಂಕಿ ಪಿಚಕಾರಿ?"

ಮಾರನೇ ವಾರ ಬೆಂಗಳೂರಿನ ಮಿಲ್ಟ್ರಿ ಹರಾಜಿನಿಂದ ಬಷೀರಣ್ಣ ಅದನ್ನು ಹೊತ್ತು ತಂದ. ಮೊಳದುದ್ದದ ಹಿತ್ತಾಳೆ ಕೊಳವೆ. ಒಂದು ತುದಿಗೆ ಹಿಡಿ, ಇನ್ನೊಂದು ತುದಿಗೆ ಸಣ್ಣ ಮೂತಿ. ಹಿಡಿ ಎಳೆದು ತಳ್ಳಿದರೆ ಒಳಗಿನ ಮದ್ದು ಚಿಮ್ಮುತ್ತದೆ. ಆ ಮದ್ದು ನೋಡೋಕೆ ನೀರು, ಆದರೆ ನೀರಲ್ಲ. ನೀರಿಗಿಂತ ಭಾರ. ಮೂಗಿಗೆ ಹಿಡಿದರೆ ಸಿಹಿ ಸಿಹಿ ವಾಸನೆ, ತಲೆ ಗಿರ್ರ್ ಅನ್ನುತ್ತದೆ. ಉರಿಯುವ ಪೆಟ್ರೋಲಿನ ಮೇಲೆ ಬಿದ್ದರೆ ಮಂದವಾದ ಹೊಗೆಯಾಗಿ ಕಂಬಳಿ ಹೊದಿಸಿದ ಹಾಗೆ ಕೂರುತ್ತದೆ, ಬೆಂಕಿಗೆ ಗಾಳಿ ಸಿಗದೆ ಸಾಯುತ್ತದೆ. "ಹೊಡೆದ ಮೇಲೆ ದೂರ ನಿಲ್ಲಬೇಕು," ಅನ್ನುತ್ತಿದ್ದ ಬಷೀರಣ್ಣ. "ಆ ಹೊಗೆ ಕುಡಿದ್ರೆ ನಮ್ಮ ಗಾಳೀನೂ ನಿಲ್ತದೆ." ಅದನ್ನು ಎಡಗಡೆ ಸೀಟಿನ ಮುಂದೆ, ಕಾಲಿನ ಹತ್ತಿರ, ಒಂದು ಪಟ್ಟಿ ಹಾಕಿ ಕೂರಿಸಿದ. ಪ್ರತಿ ಶುಕ್ರವಾರ ನಮಾಜಿಗೆ ಹೋಗುವ ಮುಂಚೆ ಪಟ್ಟಿಯಲ್ಲಿದ್ದ ಹಾಗೇ ಅದನ್ನು ಅಲ್ಲಾಡಿಸಿ ನೋಡೋನು. ಗುಳುಗುಳು ಅನ್ನದೆ ಗಟ್ಟಿಯಾಗಿ ಕೂತಿದ್ದರೆ ತುಂಬಿದೆ ಅಂತ ಅರ್ಥ. ಆಗ ಅವನ ಮುಖ ಸಡಿಲವಾಗುತ್ತಿತ್ತು.

ಟೀ ಅಂಗಡಿಯಲ್ಲಿ ಪುಂಡರು ಬಿಡುತ್ತಾರೆಯೇ?

"ಏನ್ ಬಷೀರಣ್ಣಾ, ಹೋಳಿ ಹಬ್ಬ ಯಾವಾಗ?"

"ನಿನ್ನ ಲುಂಗಿಗೆ ಬೆಂಕಿ ಬಿದ್ದ ದಿನ ಕಣೋ. ಕೂಗು, ಬರ್ತೀನಿ."

ನಗೋನು, ನಗಿಸೋನು. ಆದರೆ ಈ ಭಯ ಅವನಿಗೆ ಪುಕ್ಕಟೆ ಬಂದದ್ದಲ್ಲ. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದವಲ್ಲ, ಆಗ ಬಷೀರಣ್ಣ ಚಿಂತಾಮಣಿ ಬಸ್ಸಿನಲ್ಲಿ ಕ್ಲೀನರ್. ಡ್ರೈವರು ಜಿಯಾವುಲ್ಲಾ, ಅವನಿಗೆ ಕೆಲಸ ಕಲಿಸಿದ ಉಸ್ತಾದ್. ಒಂದು ದಿನ ದಾರಿಯಲ್ಲಿ ಇಂಜಿನ್ನು ಮೊಂಡು ಹಿಡಿಯಿತು. ಕದ್ದಿಟ್ಟಿದ್ದ ಒಂದಿಷ್ಟು ಪೆಟ್ರೋಲನ್ನು ಉಸ್ತಾದ್ ಇಂಜಿನ್ನಿನ ಬಾಯಿಗೆ ಸುರಿದ. ಪಕ್ಕದಲ್ಲೇ ಇದ್ದಲು ಒಲೆ. ಭಗ್ ಅಂತ ಹತ್ತಿಕೊಂಡಿತು, ಅಂಗಿಗೂ ಹತ್ತಿತು. ಜನ ಒಳ್ಳೆಯವರು, ಕುಂಟೆಯಿಂದ ಕೊಡ ಕೊಡ ನೀರು ತಂದು ಸುರಿದರು. ನೀರು ಹರಿದ ಕಡೆಗೆಲ್ಲ ಪೆಟ್ರೋಲು ಅದರ ಬೆನ್ನೇರಿ ಹರಿಯಿತು, ಬೆಂಕಿಯೂ ಹರಿಯಿತು. ಉಸ್ತಾದ್ ಬದುಕಲಿಲ್ಲ. ನೀರು ಹಾಕಿದವರ ಮೇಲೆ ಬಷೀರಣ್ಣನಿಗೆ ಕೋಪ ಇರಲಿಲ್ಲ. ಆದರೆ ಅವತ್ತಿನಿಂದ ಅವನ ಮೂಗು ಒಂದು ಕ್ಷಣವೂ ನಿದ್ದೆ ಮಾಡಲಿಲ್ಲ.

ವೆಂಕಟರವಣಪ್ಪನವರಿಗೆ ಒಬ್ಬಳೇ ಮಗಳು, ಅನಸೂಯ. ತಾಯಿ ಇಲ್ಲದ ಮಗು. ಬೆಳೆಸಿದವಳು ಅಜ್ಜಿ, ವೆಂಕಟರವಣಪ್ಪನವರ ತಾಯಿ ಅಕ್ಕಯ್ಯಮ್ಮ. ಮಗುವಿಗೆ ಅಜ್ಜಿಯ ಸೆರಗು ಬಿಟ್ಟರೆ ಕೆಂಪು ಕಾರಿನ ಮಡಿಲು. ಶೆಡ್ಡಿನಲ್ಲಿ ಕಾರು ನಿಂತಿರುವಾಗ ಸೀಟಿಗೆ ಹತ್ತಿ ಕೂತು, "ಬಷೀರಣ್ಣಾ, ಟಿಕ್ ಟಿಕ್ ಆಟ" ಅನ್ನೋಳು. ಇವನು ಬೀಗದ ಕೈ ತಿರುಗಿಸೋನು. ಹಿಂದೆ, ಪೆಟ್ರೋಲ್ ಟ್ಯಾಂಕಿನ ಹತ್ತಿರ, ಕರೆಂಟಿನ ಸಣ್ಣ ಪಂಪು ಟಿಕ್ ಟಿಕ್ ಟಿಕ್ ಅಂತ ಶುರು ಮಾಡೋದು. ಇಂಜಿನ್ನಿನ ಹತ್ತಿರದ ಬಟ್ಟಲು ತುಂಬಿದ ಕೂಡಲೇ ಸದ್ದು ನಿಲ್ಲೋದು.

"ಬಟ್ಟಲು ತುಂಬ್ತು, ಹೊಟ್ಟೆ ತುಂಬ್ತು," ಅಂತ ಮಗು ಚಪ್ಪಾಳೆ.

"ಹೊಟ್ಟೆ ತುಂಬಿದ ಮೇಲೂ ಟಿಕ್ ಟಿಕ್ ನಿಲ್ಲದೆ ಹೋದ್ರೆ?"

"ಪೆಟ್ರೋಲ್ ಆಚೆ ಚೆಲ್ತಾ ಇದೆ ಅಂತ."

"ಆಗ ಏನ್ ಮಾಡ್ಬೇಕಮ್ಮಾ?"

"ಬೀಗ ತಿರುಗಿಸ್ಬೇಕು!"

ಆಟ ಅಂದರೆ ಇಷ್ಟೇ. ಆ ಮಗು ಬೆಳೆದು, ಮದುವೆ ವಯಸ್ಸಿಗೆ ಬಂತು. ಗೌರಿಬಿದನೂರಿನ ಕಡೆಯ ಗಂಡು ಗೊತ್ತಾಯಿತು, ಚನ್ನಕೇಶವ ಅಂತ. ಹೆಂಚಿನ ಮಂಡಿ ಇಟ್ಟುಕೊಂಡಿದ್ದ, ನಗುಮುಖದ, ತುಸು ಅವಸರದ ಹುಡುಗ. ಐವತ್ತೆಂಟನೇ ಇಸವಿಯ ಬೇಸಿಗೆ, ಮೇಲೂರಿನ ಮನೆ ಮುಂದೆಯೇ ಚಪ್ಪರ. ಮದುಮಕ್ಕಳು ಹೊರಡುವುದು ಕೆಂಪು ಕಾರಿನಲ್ಲೇ ಅಂತ ಅನಸೂಯ ಮೊದಲೇ ಹಟ ಹಿಡಿದು ಒಪ್ಪಿಸಿದ್ದಳು. ವೆಂಕಟರವಣಪ್ಪನವರು ಬಷೀರಣ್ಣನ ಹೆಗಲ ಮೇಲೆ ಕೈಯಿಟ್ಟು, "ಮಗೂನ ನಿನ್ನ ಕೈಗೆ ಹಾಕ್ತಿದ್ದೀನಿ. ಗಂಡನ ಮನೆ ಹೊಸ್ತಿಲಿಗೆ ಮುಟ್ಟಿಸು," ಅಂದರು.

ಧಾರೆಯ ಮಾರನೇ ದಿನ ಓಕುಳಿ. ಶುಕ್ರವಾರ. ಬಷೀರಣ್ಣ ಬೆಳಿಗ್ಗೆಯೇ ಪಿಚಕಾರಿ ಅಲ್ಲಾಡಿಸಿ ನೋಡಿ, ನಮಾಜಿಗೆ ಅಂತ ಶಿಡ್ಲಘಟ್ಟಕ್ಕೆ ಹೋದ. ಇತ್ತ ಅಂಗಳದಲ್ಲಿ ಅರಿಶಿನಕ್ಕೆ ಸುಣ್ಣ ಕಲಸಿ ಕೊಳಗಗಟ್ಟಲೆ ಕೆಂಪು ನೀರು ತಯಾರಾಗಿತ್ತು. ಮನೆಯಲ್ಲಿದ್ದ ಹಳೇ ಪಿಚಕಾರಿ ತಂದರೆ ಒಳಗಿನ ತೊಗಲು ಒಣಗಿ ಬಿರುಕು ಬಿಟ್ಟಿದೆ. ಎಳೆದರೆ ಕೆಮ್ಮುತ್ತದೆ, ಚಿಮ್ಮುವುದಿಲ್ಲ. ಗಂಡಿನ ಕಡೆ ಹೆಂಗಸರು ಮೂದಲಿಸಿದರು.

"ಏನಮ್ಮಾ, ರೇಷ್ಮೆ ಸಾಹುಕಾರರ ಮನೇಲಿ ಒಂದು ಪಿಚಕಾರೀಗೂ ಗತಿ ಇಲ್ವಾ?"

ಅಕ್ಕಯ್ಯಮ್ಮನ ಮೂಗುತಿ ಅಲುಗಿತು. "ಯಾಕಿಲ್ಲ? ಬಷೀರನ ಗಾಡೀಲಿ ಇಷ್ಟುದ್ದದ್ದು ಒಂದಿದೆ. ಹೋಗ್ರೇ, ಬಿಚ್ಕೊಂಡು ಬನ್ನಿ."

ಬಿಚ್ಚಿ ತಂದರು. ಮುಚ್ಚಳ ತಿರುಗಿಸಿ ಒಳಗಿದ್ದ 'ಕೆಟ್ಟ ನೀರನ್ನು' ಚರಂಡಿಗೆ ಸುರಿದರು. ಸುರಿದವಳಿಗೆ ತಲೆ ಸುತ್ತಿ ಜಗುಲಿ ಮೇಲೆ ಕೂತಳು. ಚರಂಡಿಯಲ್ಲಿ ಕೆದಕುತ್ತಿದ್ದ ಕೋಳಿಯೊಂದು ನಿಂತಲ್ಲೇ ತೂಕಡಿಸಿತು. ನಗೆಯೋ ನಗೆ. ಆಮೇಲೆ ಆ ಪಿಚಕಾರಿಯಿಂದ ಚಿಮ್ಮಿದ ಓಕುಳಿಗೆ ಗಂಡಿನ ಕಡೆಯವರು ದಿಕ್ಕಾಪಾಲಾಗಿ ಓಡಿದರು. ಅನಸೂಯಳಿಗೆ ಕಣ್ಣು ತುಂಬ ಕೆಂಪು ನೀರು. ಯಾರು ಹೊಡೆದರು, ಯಾವುದರಿಂದ ಹೊಡೆದರು, ಒಂದೂ ಕಾಣಲಿಲ್ಲ.

ಆಟ ಮುಗಿಯಿತು. ಈಗ ನೋಡಿ, ಅಕ್ಕಯ್ಯಮ್ಮನದು ಒಂದು ಪದ್ಧತಿ. ನಮ್ಮ ಸೀಮೆಯ ಹಳೇ ಹೆಂಗಸರೆಲ್ಲರ ಪದ್ಧತಿಯೇ. ಯಾರ ಮನೆಯಿಂದ ಪಾತ್ರೆ ತಂದರೂ ಬರಿದಾಗಿ ವಾಪಸ್ಸು ಕೊಡೋಳಲ್ಲ. ಮಜ್ಜಿಗೆ ತಂದ ಚೆಂಬಿನಲ್ಲಿ ಹಿಡಿ ಅವರೆಕಾಳಾದರೂ ಹಾಕಿ ಕಳಿಸೋಳು. ಪಿಚಕಾರಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಯಿಸಿ, ಅದನ್ನು ಕೈಯಲ್ಲಿ ಹಿಡಿದು ನಿಂತಳು.

"ತುಂಬಿದ್ದನ್ನ ತಂದಿದ್ವಿ. ಬರಿದು ಮಾಡಿ ಇಡಬಾರದು."

ಕೊಳಗದಲ್ಲಿ ಉಳಿದಿದ್ದ ಓಕುಳಿಯನ್ನೇ ಕಂಠಮಟ್ಟ ತುಂಬಿಸಿ, ಮುಚ್ಚಳ ತಿರುಗಿಸಿ, ತಾನೇ ಹೋಗಿ ಕಾರಿನ ಪಟ್ಟಿಯಲ್ಲಿ ಕೂರಿಸಿ ಬಂದಳು. "ಮಂಗಳದ ನೀರು. ಮಕ್ಕಳ ಜೊತೇಲಿ ಇರಲಿ," ಅಂತ ಕಾರಿಗೊಂದು ಕೈ ಮುಗಿದಳು.

ಖಾಲಿ ಇಟ್ಟಿದ್ದರೆ ಬಷೀರಣ್ಣನಿಗೆ ಮುಟ್ಟಿದ ಕೂಡಲೇ ತಿಳಿಯುತ್ತಿತ್ತು. ತುಂಬಿಸಿದ್ದಕ್ಕೇ ತಿಳಿಯಲಿಲ್ಲ.

ಶನಿವಾರ ಊಟವಾದ ಮೇಲೆ ಹೊರಡುವ ಗಳಿಗೆ. ದೀಪ ಹಚ್ಚುವುದರೊಳಗೆ ಹೆಣ್ಣು ಗೌರಿಬಿದನೂರಿನ ಹೊಸ್ತಿಲು ತುಳಿಯಬೇಕು. ಬಷೀರಣ್ಣ ಬಂದು ನೋಡುತ್ತಾನೆ, ಕಾರು ಕಾಣಿಸುತ್ತಲೇ ಇಲ್ಲ. ಮೂತಿಯಿಂದ ಬಾಲದವರೆಗೆ ಮಲ್ಲಿಗೆ, ಕನಕಾಂಬರ, ಮಾವಿನೆಲೆ. ಗಾಳಿ ಒಳಹೋಗುವ ಜಾಲರಿಗೇ ದಪ್ಪನೆ ಹಾರ.

"ಅವ್ವಾ, ಈ ಹಾರ ತೆಗೀತೀನಿ. ಕಾರಿಗೆ ಉಸಿರು ಕಟ್ತದೆ."

"ಕಾರಿಗೆ ಉಸಿರು ಇರ್ತದೇನೋ?" ಅಂದಳು ಅಕ್ಕಯ್ಯಮ್ಮ.

"ಇರ್ತದೆ. ಸಿಟ್ಟೂ ಇರ್ತದೆ."

"ಮದುವೆ ಹಾರ ಹೊಸ್ತಿಲು ದಾಟೋವರೆಗೂ ತೆಗೀಬಾರದಪ್ಪಾ. ಬೇಕಾದ್ರೆ ಪಕ್ಕಕ್ಕೆ ಸರಿಸು."

ಪಕ್ಕಕ್ಕೆ ಸರಿಸಿದ. ಬಗ್ಗಿ ಪಿಚಕಾರಿ ಮುಟ್ಟಿ ನೋಡಿದ. ಫಳಫಳ ಅನ್ನುತ್ತಿದೆ. ಮದುವೆ ಅಂತ ಯಾರೋ ಇದನ್ನೂ ತೊಳೆದಿದ್ದಾರೆ ಅಂದುಕೊಂಡು ಸಂತೋಷವೇ ಆಯಿತು. ಅಲ್ಲಾಡಿಸಿದ. ಗಟ್ಟಿಯಾಗಿ ಕೂತಿದೆ, ಗುಳುಗುಳು ಇಲ್ಲ. ತುಂಬಿದೆ. ಸಮಾಧಾನ.

ಮದುಮಗ ಚನ್ನಕೇಶವನೇ ಓಡಿಸುತ್ತೇನೆ ಅಂತ ಬಲಗಡೆ ಕೂತ. ಅನಸೂಯ ಎಡಕ್ಕೆ. ಅವಳ ಸೆರಗಿಗೂ ಅವನ ಶಲ್ಯಕ್ಕೂ ಹಾಕಿದ ಗಂಟು ನಡುವೆ. "ಶಲ್ಯ ಹೆಗಲಿಂದ ಜಾರಬಾರದು, ಗಂಟು ಬಿಚ್ಚಬಾರದು, ಮನೆ ಸೇರೋವರೆಗೂ," ಅಂತ ಮುದುಕಿಯರು ಅವನಿಗೆ ಮತ್ತೆ ಮತ್ತೆ ಹೇಳಿದ್ದರು. ಬಷೀರಣ್ಣ ಹಿಂದಿನ ಪೆಟ್ಟಿಗೆ ಸೀಟಿನಲ್ಲಿ, ಸರಿಯಾಗಿ ಟ್ಯಾಂಕಿನ ಮೇಲೆ. ಮಿಕ್ಕ ನೆಂಟರೆಲ್ಲ ಹಿಂದಿನಿಂದ ಬಸ್ಸಿನಲ್ಲಿ.

ಚಿಕ್ಕಬಳ್ಳಾಪುರದಲ್ಲಿ ಬಷೀರಣ್ಣನ ಮನೆ ಮುಂದೆ ಕಾರು ನಿಂತಿತು. ಅವನ ಹೆಂಡತಿ ರಹಮತುನ್ನೀಸಾ ಮದುಮಕ್ಕಳಿಗೆ ಶರಬತ್ತು ಕೊಟ್ಟು, ಗಂಡನ ಮುಖ ನೋಡಿದಳು.

"ಯಾಕೆ ಹಂಗಿದ್ದೀರಿ? ಮೂಗು ಏನು ಹೇಳ್ತದೆ?"

"ಮಲ್ಲಿಗೆ ಅಂತದೆ. ಬರೀ ಮಲ್ಲಿಗೆ. ಅದೇ ತೊಂದ್ರೆ."

ಅವನು ಬಾನೆಟ್ಟಿನ ಪಕ್ಕದ ಬಾಗಿಲೆತ್ತಿದ. ಹೂವಿನ ವಾಸನೆ ಎಷ್ಟಿತ್ತೆಂದರೆ ಅದರ ಕೆಳಗೆ ಬೇರೆ ಏನಿದೆ ಅಂತ ಗೊತ್ತಾಗುತ್ತಿಲ್ಲ. ಬೆರಳಿಂದ ಬಟ್ಟಲಿನ ತಳ ಸವರಿದ. ತೇವ ಇದ್ದ ಹಾಗೂ ಇತ್ತು, ಬೆವರಿನ ಬೆರಳು ಅನ್ನಿಸುವ ಹಾಗೂ ಇತ್ತು.

"ಅಪ್ಪಾ, ಸ್ವಲ್ಪ ಹೊತ್ತು ಇಲ್ಲೇ ಆರಲಿ. ಆ ಬಟ್ಟಲು ಬಿಚ್ಚಿ ನೋಡ್ತೀನಿ. ಒಳಗೊಂದು ಸೂಜಿ ಇರ್ತದೆ, ಬಟ್ಟಲು ತುಂಬಿದಾಗ ಬಾಯಿ ಮುಚ್ಚೋಕೆ. ಅದು ಕಚ್ಕೊಂಡ್ರೆ ಚೆಲ್ತದೆ."

ಚನ್ನಕೇಶವ ಬಿಸಿಲು ನೋಡಿದ. "ಬಷೀರಣ್ಣಾ, ದೀಪದ ಹೊತ್ತಿಗೆ ಊರು ಸೇರ್ಬೇಕು. ನಮ್ಮಮ್ಮ ಆರತಿ ತಟ್ಟೆ ಹಿಡ್ಕೊಂಡು ಬಾಗಿಲಲ್ಲೇ ನಿಂತಿರ್ತಾಳೆ. ಹೋಗಣ. ನಿಮ್ಮ ಪಿಚಕಾರಿ ಇದೆಯಲ್ಲ, ಇನ್ನೇನು ಭಯ?"

ಬಷೀರಣ್ಣನ ಬಾಯಿ ಕಟ್ಟಿದ್ದು ಆ ಮಾತು. ಹೌದಲ್ಲ, ಪಿಚಕಾರಿ ಇದೆ. ಪೆಟ್ಟಿಗೆ ಸೀಟಿಗೆ ಹತ್ತಿ ಕೂತ. ರಹಮತುನ್ನೀಸಾ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲೇ ನಿಂತಿದ್ದಳು.

ಊರು ಬಿಟ್ಟು, ಕಳವಾರದ ಬೆಟ್ಟ ಬಲಕ್ಕೆ ಬಂದ ಮೇಲೆ ರಸ್ತೆ ಏರತೊಡಗಿತು. ಕಲ್ಲು ರಸ್ತೆ, ಬೇಸಿಗೆಯ ಧೂಳು. ಕಾರು ನರಳುತ್ತಾ ಹತ್ತುತ್ತಿದೆ. ಮುಂದಿನವರಿಬ್ಬರೂ ಏನೋ ಮಾತಾಡಿಕೊಂಡು ನಗುತ್ತಿದ್ದಾರೆ. ಬಷೀರಣ್ಣನ ಕಿವಿ ಮಾತ್ರ ತನ್ನ ಸೀಟಿನ ಕೆಳಗಿದೆ.

ಟಿಕ್. ಟಿಕ್. ಟಿಕ್.

ಏರಿನಲ್ಲಿ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಸಹಜ.

ಟಿಕ್ ಟಿಕ್ ಟಿಕ್.

ಇಷ್ಟು ಕುಡಿಯಬಾರದು. ಅವನು ಬಗ್ಗಿ ಕಿವಿಯನ್ನು ತಗಡಿಗೇ ಒತ್ತಿದ. ಟಿಕ್‌ಟಿಕ್‌ಟಿಕ್‌ಟಿಕ್. ಓಡುತ್ತಿರುವ ಮನುಷ್ಯನ ಎದೆಯ ಹಾಗೆ.

"ನಿಲ್ಸಪ್ಪಾ!" ಅಂತ ಚನ್ನಕೇಶವನ ಭುಜ ಹಿಡಿದ.

"ಈ ಏರಲ್ಲಿ ನಿಲ್ಸಿದ್ರೆ ಮತ್ತೆ ಹತ್ತಲ್ಲ ಬಷೀರಣ್ಣಾ, ಮೇಲೆ ಹೋಗಿ..."

"ಈಗ್ಲೇ ನಿಲ್ಸು!"

ಅವನ ದನಿ ಕೇಳಿ ಹುಡುಗ ಬೆಚ್ಚಿ ಬ್ರೇಕು ತುಳಿದ. ಇಂಜಿನ್ನು ಎರಡು ಸಲ ಕೆಮ್ಮಿ ಆರಿತು. ಧೂಳು ಹಿಂದಿನಿಂದ ಬಂದು ಮುಸುಕಿತು. ಎಲ್ಲಾ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಪಂಪು ಮಾತ್ರ ನಿಲ್ಲದೆ ಹೊಡೆದುಕೊಳ್ಳುತ್ತಿದೆ. ಆಮೇಲೆ ಬಾನೆಟ್ಟಿನ ಒಳಗಿಂದ ಯಾರೋ ದೊಡ್ಡದಾಗಿ ಉಸಿರು ಬಿಟ್ಟ ಹಾಗೆ ಒಂದು ಸದ್ದು. ಹೂವಿನ ಹಾರದ ಅಂಚು ಸುರುಟಿಕೊಂಡಿತು. ಪಕ್ಕದ ಕಿಂಡಿಗಳಿಂದ ಬೆಂಕಿಯ ನಾಲಿಗೆ ಹೊರಗೆ ಬಂತು.

ಚನ್ನಕೇಶವ ಬಾಗಿಲು ತಳ್ಳಿ ಹಾರಿದ. ಹೆದರಿದ ಮನುಷ್ಯ ಹಾರುವುದು ಸಹಜ, ಅದಕ್ಕೆ ಅವನನ್ನು ಯಾರೂ ಬೈಯಬಾರದು. ಬಷೀರಣ್ಣ ಹಿಂದಿನಿಂದ ಧುಮುಕಿ ಎಡಕ್ಕೆ ಓಡಿದ. ಅನಸೂಯಳ ಕಾಲ ಹತ್ತಿರ ಕೈ ಹಾಕಿ ಪಿಚಕಾರಿಯನ್ನು ಪಟ್ಟಿಯಿಂದ ಕಿತ್ತುಕೊಂಡ.

ಕೈಗೆ ಬಂದ ಕ್ಷಣವೇ ಅವನಿಗೆ ಏನೋ ತಪ್ಪಿದೆ ಅನ್ನಿಸಿತು. ಹಗುರ. ತುಂಬಿದೆ, ಆದರೆ ಹಗುರ. ಯೋಚಿಸಲು ಹೊತ್ತೆಲ್ಲಿ? ಮೂತಿಯನ್ನು ಕಿಂಡಿಗಿಟ್ಟು ಹಿಡಿಯನ್ನು ಜೋರಾಗಿ ತಳ್ಳಿದ.

ಕೆಂಪಗೆ ಚಿಮ್ಮಿತು.

ಚುಯ್ ಅಂದಿತು, ಹಬೆ ಎದ್ದಿತು. ಕಾದ ಪೈಪಿನ ಮೇಲಿಂದ ಕೆಂಪು ನೀರು ಕೆಳಗಿಳಿಯಿತು. ಅದರ ಬೆನ್ನೇರಿ ಪೆಟ್ರೋಲು, ಅದರ ಬೆನ್ನೇರಿ ಬೆಂಕಿ. ಬಾನೆಟ್ಟಿನೊಳಗಿದ್ದ ಬೆಂಕಿ ಎಡಗಡೆ ನೆಲಕ್ಕಿಳಿದು, ಅನಸೂಯಳ ಬಾಗಿಲ ಕೆಳಗೇ ಹರಿದು ನಿಂತಿತು. ಬಷೀರಣ್ಣನ ಕಣ್ಣ ಮುಂದೆ ಚಿಂತಾಮಣಿ ರಸ್ತೆಯ ಕೊಡಗಳು ಬಂದು ನಿಂತವು. ಪಿಚಕಾರಿ ಕೈಯಿಂದ ಬಿತ್ತು. ಇಷ್ಟು ವರ್ಷ ಯಾವ ಒಂದು ಸಾಮಾನನ್ನು ನಂಬಿಕೊಂಡಿದ್ದನೋ ಅದು ನೀರಾಗಿ ಹೋಗಿತ್ತು. ಇನ್ನು ಉಳಿದದ್ದು ಎರಡು ಕೈ.

"ಈ ಕಡೆ ಇಳೀಬೇಡಮ್ಮಾ! ಆ ಕಡೆ, ಆ ಕಡೆ!"

ಅನಸೂಯ ಬಲಕ್ಕೆ ಹೊರಳಿದಳು. ರೇಷ್ಮೆ ಸೀರೆ ಗೇರಿನ ಕೋಲಿಗೆ ಸುತ್ತಿಕೊಂಡಿತು. ಆಚೆ ನಿಂತ ಚನ್ನಕೇಶವ ಶಲ್ಯ ಹಿಡಿದು ಎಳೆಯುತ್ತಿದ್ದಾನೆ. ಎಳೆದಷ್ಟೂ ಸೆರಗು ಬಿಗಿದು ಅವಳ ಕತ್ತನ್ನು ಸೀಟಿಗೆ ಒತ್ತುತ್ತಿದೆ. ಹುಡುಗನ ಕೈ ಶಲ್ಯ ಬಿಡುತ್ತಿಲ್ಲ. ಮುದುಕಿಯರ ಮಾತು ಅವನ ಬೆರಳಿಗೆ ಅಂಟಿಕೊಂಡಿದೆ.

"ಶಲ್ಯ ಬಿಡ್ರೀ!" ಅಂತ ಅವಳು ಕಿರುಚಿದಳು. "ಬಿಟ್‌ಬಿಡ್ರೀ ಅಂದ್ರೆ!"

ಹಿಂದೆ ಪಂಪು ಹೊಡೆದುಕೊಳ್ಳುತ್ತಲೇ ಇದೆ. ಟಿಕ್‌ಟಿಕ್‌ಟಿಕ್. ಒಂದೊಂದು ಸದ್ದಿಗೂ ಬೆಂಕಿಗೆ ಒಂದೊಂದು ತುತ್ತು. ಬಷೀರಣ್ಣ ಕಾರಿನ ಹಿಂದಿನಿಂದ ಸುತ್ತಿ ಓಡುತ್ತಾ, ಗಂಟಲು ಹರಿಯುವ ಹಾಗೆ ಕೂಗಿದ.

"ಅನಸೂಯಮ್ಮಾ! ಹೊಟ್ಟೆ ತುಂಬಿದ ಮೇಲೂ ಟಿಕ್ ಟಿಕ್ ನಿಲ್ಲದೆ ಹೋದ್ರೆ?"

ಅವಳ ಕೈ ಅವಳನ್ನು ಕೇಳದೆಯೇ ಚಾಚಿತು. ಬೀಗದ ಕೈ ಸಿಕ್ಕಿತು. ತಿರುಗಿಸಿದಳು.

ಸದ್ದು ನಿಂತಿತು.

ಅಷ್ಟರಲ್ಲಿ ಚನ್ನಕೇಶವನ ಬೆರಳು ಸಡಿಲವಾಯಿತು. ಶಲ್ಯ ಹೆಗಲಿಂದ ಜಾರಿತು. ಬಷೀರಣ್ಣ ಅವಳ ಕಂಕುಳಿಗೆ ಕೈ ಹಾಕಿ ಎಳೆದ. ಸೀರೆ ಪರ್ರ್ ಅಂತ ಹರಿಯಿತು. ಮುಂಗೈಗೆ ಬೆಂಕಿ ಬಡಿದದ್ದು ಅವನಿಗೆ ಆಗ ತಿಳಿಯಲೇ ಇಲ್ಲ. ಮೂವರೂ ರಸ್ತೆಯ ಬಲಗಡೆಯ ಹೊಲದ ಬದುವಿಗೆ ಉರುಳಿಬಿದ್ದರು. ಗಂಟು ಹಾಕಿದ ಶಲ್ಯ ಅನಸೂಯಳ ಸೆರಗಿನ ತುದಿಯಲ್ಲಿ ಬಾಲದ ಹಾಗೆ ಹಿಂದೆ ಬಂತು.

ಆಗ ಏರಿನ ಮೇಲಿಂದ ಒಂದು ಎತ್ತಿನ ಗಾಡಿ ಇಳಿಯುತ್ತಿತ್ತು. ಎರ್ರಪ್ಪ ಅಂತ ಒಬ್ಬ, ಚಿಕ್ಕಬಳ್ಳಾಪುರಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುವವನು. ಬಿಸಿಲಿಗೆ ಸೊಪ್ಪು ಬಾಡದಿರಲಿ ಅಂತ ನೆನೆಸಿದ ಗೋಣಿತಾಟು ಹೊದಿಸಿಕೊಂಡು ಬರುತ್ತಿದ್ದ. ಬೆಂಕಿ ಕಂಡು ಎತ್ತುಗಳು ಬೆದರಿದವು. ಅವನು ಗಾಡಿ ನಿಲ್ಲಿಸಿ ತೆಲುಗು ಕನ್ನಡ ಬೆರೆಸಿ ಕೂಗಿಕೊಂಡ, "ಅಯ್ಯೋ, ಏಮಯಿಂದಪ್ಪಾ! ನೀರು ತರ್ಲಾ?"

"ನೀರು ಬ್ಯಾಡ! ಆ ಗೋಣಿತಾಟು ಕೊಡು!"

ಮೂವರು ಗಂಡಸರೂ ಹಸಿ ಗೋಣಿತಾಟುಗಳನ್ನು ಎಳೆದು ತಂದು ಬಾನೆಟ್ಟಿನ ಮೇಲೆ, ಕಿಂಡಿಗಳ ಮೇಲೆ, ಕೆಳಗೆ ಹರಿದ ಬೆಂಕಿಯ ಮೇಲೆ ಒತ್ತಿದರು. "ಬಾನೆಟ್ಟು ಎತ್ತಬೇಡಿ, ಗಾಳಿ ಕೊಡಬೇಡಿ," ಅಂತ ಬಷೀರಣ್ಣ ಕೂಗುತ್ತಲೇ ಇದ್ದ. ಹೊಸ ಪೆಟ್ರೋಲ್ ಬರುತ್ತಿರಲಿಲ್ಲ, ಗಾಳಿ ಸಿಗುತ್ತಿರಲಿಲ್ಲ. ಬೆಂಕಿ ಒಳಗೇ ಗೊಣಗಿ, ಹೊಗೆಯಾಗಿ, ಸತ್ತಿತು. ಟ್ಯಾಂಕಿನವರೆಗೆ ಹೋಗಲಿಲ್ಲ.

ಬಷೀರಣ್ಣ ಬದುವಿನ ಮೇಲೆ ಕೂತ. ಎರಡೂ ಮುಂಗೈ ಸುಲಿದು ಹೋಗಿದ್ದವು. ಆ ಕೈಗಳನ್ನು ಮೂಗಿಗೆ ಹಿಡಿದು ಮೂಸಿದ. ಸುಟ್ಟ ಚರ್ಮ, ಅದರ ಜೊತೆಗೆ ಅರಿಶಿನ, ಸುಣ್ಣ. ಅನಸೂಯ ರಸ್ತೆಯಲ್ಲಿ ಬಿದ್ದಿದ್ದ ಪಿಚಕಾರಿಯನ್ನು ಎತ್ತಿಕೊಂಡು ಬಂದಳು. ಅದರ ಮೂತಿಯಿಂದ ಇನ್ನೂ ಕೆಂಪು ತೊಟ್ಟಿಕ್ಕುತ್ತಿತ್ತು.

"ಬಷೀರಣ್ಣಾ, ಇದು ಓಕುಳಿ," ಅಂದಳು. ಆಮೇಲೆ, ಅದರ ಹೊಳಪು ನೋಡಿ, ಮೆಲ್ಲಗೆ, "ಅಜ್ಜಿ."

"ಹೂಂ."

"ಅವಳಿಗೆ ಹೇಳ್ಬೇಡ. ಜೀವ ಬಿಟ್ಕೊತಾಳೆ."

ಬಷೀರಣ್ಣ ಸುಟ್ಟ ಕಾರನ್ನು ನೋಡಿದ. "ಹೇಳ್ಲೇಬೇಕಮ್ಮಾ. ಇನ್ನೂ ಮದುವೆ ಆಗ್ತಾವೆ. ಗಾಡಿ ಇರ್ತಾವೆ. ಹೇಳದೆ ಹೋದ್ರೆ ನಾನು ಇನ್ನೊಂದು ಸಲ ಅದನ್ನ ಹೆಂಗೆ ನಂಬಲಿ?"

ಹೆಣ್ಣು ದೀಪದ ಹೊತ್ತಿಗೇ ಹೊಸ್ತಿಲು ತುಳಿದಳು. ಹಿಂದಿನಿಂದ ಬಂದ ನೆಂಟರ ಬಸ್ಸಿನಲ್ಲಿ, ಹರಿದ ಸೀರೆಯಲ್ಲಿ, ಗಂಟು ಹಾಗೇ ಇಟ್ಟುಕೊಂಡು.

ಕೈಗೆ ಬಟ್ಟೆ ಸುತ್ತಿಸಿಕೊಂಡು, ಪಿಚಕಾರಿಯನ್ನು ಕಂಕುಳಲ್ಲಿಟ್ಟುಕೊಂಡು ಬಷೀರಣ್ಣ ಮೇಲೂರಿಗೆ ಹೋದ. ಅಕ್ಕಯ್ಯಮ್ಮ ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಅಪಘಾತದ ಸುದ್ದಿ ಮೊದಲೇ ಬಂದಿತ್ತು, ಓಕುಳಿಯ ಸುದ್ದಿ ಬಂದಿರಲಿಲ್ಲ.

"ಬಾರಪ್ಪಾ, ನನ್ನ ಮಗೂನ ಉಳಿಸಿದ ಕೈ ತೋರಿಸು. ನಿನ್ನ ಪಿಚಕಾರಿ ದೊಡ್ಡದು ಕಣಯ್ಯ."

"ಪಿಚಕಾರಿ ಕೆಲಸ ಮಾಡ್ಲಿಲ್ಲ ಅವ್ವಾ. ಅದರಲ್ಲಿ ಮದ್ದಿರ್ಲಿಲ್ಲ, ಓಕುಳಿ ಇತ್ತು. ಬೆಂಕಿ ಮಗು ಕಡೆಗೇ ಹರೀತು."

ಅವಳ ಕೈ ಹುಣಸೆಹಣ್ಣಿನ ಮೇಲೆ ನಿಂತಿತು. ಬಷೀರಣ್ಣ ಪಿಚಕಾರಿಯನ್ನು ಅವಳ ಮುಂದಿಟ್ಟ. ಆಮೇಲೆ, "ಬರಿದು ಕೊಡಬಾರದು ಅಂತ ತುಂಬಿಸಿದ್ನಲ್ಲೋ," ಅಂದಳು. ಅಷ್ಟೇ ಅಂದು ಪಿಚಕಾರಿ ಎತ್ತಿಕೊಂಡು ಒಳಗೆ ಹೋದಳು. ಬಷೀರಣ್ಣನಿಗೆ ಟೀ ಕೊಟ್ಟು ಕಳಿಸಿದ್ದು ಮನೆಯ ಬೇರೆ ಹೆಂಗಸರು.

ಅವಳು ಊಟ ಬಿಟ್ಟಳು ಅಂತ ಒಬ್ಬರು, ಮಾತು ಬಿಟ್ಟಳು ಅಂತ ಒಬ್ಬರು. ಬಿಟ್ಟದ್ದು ಎರಡೂ ಅಲ್ಲ. ಬೆಂಗಳೂರಿನಿಂದ ಆ ಮದ್ದು ತಂದುಕೊಡು ಅಂತ ಮಗನ ಹಿಂದೆ ಬಿದ್ದಿದ್ದಳು. ವೆಂಕಟರವಣಪ್ಪನವರು ಹೋಗಿ ಬಂದರು. ಒಂದು ಮಧ್ಯಾಹ್ನ ಚಿಕ್ಕಬಳ್ಳಾಪುರದ ಬಸ್ಸಿನಿಂದ ಅಕ್ಕಯ್ಯಮ್ಮ ಇಳಿದಳು. ಕಂಕುಳಲ್ಲಿ ಹಿತ್ತಾಳೆ ಪಿಚಕಾರಿ, ಕೈಯಲ್ಲಿ ಸೀಲು ಒಡೆಯದ ಮದ್ದಿನ ಡಬ್ಬಿ. ರಹಮತುನ್ನೀಸಾ ಚಾಪೆ ಹಾಸಿದರೆ ಕೂರಲಿಲ್ಲ.

"ಬರಿದಾಗಿ ತಂದಿದ್ದೀನಿ. ನನ್ನ ಜನ್ಮದಲ್ಲಿ ಇದೇ ಮೊದಲು. ನೀನೇ ತುಂಬಿಸು, ನಾನು ಮುಟ್ಟಲ್ಲ. ಆಮೇಲೆ ಬೆಂಕಿ ಹಾಕಿ ತೋರಿಸು."

ಬಷೀರಣ್ಣ ಹಿತ್ತಲಿನಲ್ಲಿ ಹಳೇ ಚಿಂದಿಗೆ ಪೆಟ್ರೋಲು ನೆನೆಸಿ ಕಡ್ಡಿ ಗೀರಿದ. ಭಗ್ ಅಂದಿತು. ಅಕ್ಕಯ್ಯಮ್ಮ ಒಂದು ಹೆಜ್ಜೆ ಹಿಂದೆ ಸರಿದವಳು ಮತ್ತೆ ಮುಂದೆ ಬಂದಳು. ಮೊದಲು ಚೆಂಬಿನಿಂದ ನೀರು ಹಾಕಿದ. ಬೆಂಕಿ ನೀರಿನ ಜೊತೆ ಓಡಿತು. ಆಮೇಲೆ ಪಿಚಕಾರಿ ಹಿಡಿದು ತಳ್ಳಿದ. ಬೆಂಕಿ ಇತ್ತು, ಇಲ್ಲ.

"ದೂರ ನಿಲ್ಲವ್ವಾ, ಹೊಗೆ ಕೆಟ್ಟದ್ದು."

ಅವಳು ಕೆಮ್ಮುತ್ತಾ ಕಣ್ಣೊರೆಸಿಕೊಂಡಳು. ಹೊಗೆಗೆ ಅಂತ ಬಷೀರಣ್ಣ ಅಂದುಕೊಂಡ, ಅಂದುಕೊಳ್ಳಬೇಕು ಅಂತ ಅಂದುಕೊಂಡ.

ಕಾರಿನ ಸುಟ್ಟ ಭಾಗಗಳನ್ನು ಬಷೀರಣ್ಣನೇ ಬದಲಾಯಿಸಿ, ಎಷ್ಟೋ ತಿಂಗಳಾದ ಮೇಲೆ ಅದನ್ನು ಮತ್ತೆ ರಸ್ತೆಗಿಳಿಸಿದ. ಹೊಸ ಬಣ್ಣ ಮೊದಲಿನಷ್ಟು ಕೆಂಪು ಬರಲಿಲ್ಲ. ಅಷ್ಟು ಹೊತ್ತಿಗೆ ಅನಸೂಯಳಿಗೆ ಏಳು ತಿಂಗಳು, ತವರಿಗೆ ಕರೆತರಬೇಕು. ಬಸ್ಸಿನಲ್ಲಿ ಕುಲುಕಾಡಿಸುವುದು ಬೇಡ ಅಂದರು ಯಾರೋ. ಆ ಕಾರಿನಲ್ಲಿ ಮತ್ತೆ ಅವಳನ್ನು ಕೂರಿಸುವುದೇ ಅಂದರು ಇನ್ನು ಯಾರೋ. ಕೇಳಿ ಕಳಿಸಿದ್ದಕ್ಕೆ ಅನಸೂಯ ಹೇಳಿಕಳಿಸಿದಳು: ಬಷೀರಣ್ಣ ಬಂದರೆ ಬರ್ತೀನಿ, ಅಜ್ಜಿ ಒಪ್ಪಿದರೆ ಬರ್ತೀನಿ.

ಅಜ್ಜಿ ಒಪ್ಪಿದಳು, ಒಂದು ಷರತ್ತಿನ ಮೇಲೆ.

ಅವತ್ತು ಮೇಲೂರಿನಿಂದ ಗೌರಿಬಿದನೂರಿನವರೆಗೆ ರಸ್ತೆಯ ಬದಿಯವರೆಲ್ಲ ನಿಂತು ನೋಡಿದರಂತೆ. ಕೆಂಪು ಕಾರಿನ ಹಿಂದಿನ ಪೆಟ್ಟಿಗೆ ಸೀಟಿನಲ್ಲಿ, ತಲೆಗೆ ಬಿಗಿಯಾಗಿ ಸೆರಗು ಕಟ್ಟಿಕೊಂಡು, ಅಕ್ಕಯ್ಯಮ್ಮ ಕೂತಿದ್ದಾಳೆ. ಕಾರಿನ ಮೇಲೆ ಒಂದು ಎಸಳು ಹೂವಿಲ್ಲ. ಹಿತ್ತಾಳೆ ಪಿಚಕಾರಿ ಅವಳ ಮಡಿಲಲ್ಲಿದೆ, ಮಲಗಿದ ಕೂಸಿನ ಹಾಗೆ. ಚಿಕ್ಕಬಳ್ಳಾಪುರದಲ್ಲಿ ಕಾರು ನಿಂತಾಗ ಟೀ ಅಂಗಡಿಯ ಪುಂಡನೊಬ್ಬ ಬಾಯಿ ಬಿಟ್ಟ.

"ಏನಜ್ಜೀ, ಹೋಳಿ ಆಡೋಕೆ ಹೊರಟ್ಯಾ?"

"ಹತ್ರ ಬಾ ಮಗಾ, ಮೂಸಿ ನೋಡು," ಅಂದಳು ಅಕ್ಕಯ್ಯಮ್ಮ, ಮುಚ್ಚಳದ ಮೇಲೆ ಕೈಯಿಟ್ಟು. "ಮೂಸದೆ ಯಾವ ಪಾತ್ರೇನೂ ನಂಬಬಾರದು ಕಣೋ, ನಾನೇ ಕೊಟ್ಟಿದ್ರೂ."

ಕಳವಾರದ ಏರಿನಲ್ಲಿ ಮಾತ್ರ ಅವಳು ಮಾತು ನಿಲ್ಲಿಸಿದಳು. ಸೀಟಿನ ಕೆಳಗೆ ಟಿಕ್ ಅಂದಿತು. ತುಸು ಬಿಟ್ಟು ಇನ್ನೊಂದು ಟಿಕ್. ಬಗ್ಗಿ ಕಿವಿಗೊಟ್ಟಿದ್ದ ಅಕ್ಕಯ್ಯಮ್ಮ ಮೂರನೆಯದಕ್ಕೆ ಕಾದಳು, ಅದು ಬರುವುದು ತಡವಾಯಿತು. ಕಾರು ಮೇಲೆ ಹತ್ತಿತು.

"ಹೊಟ್ಟೆ ತುಂಬಿದೆ," ಅಂದಳು ಅವಳು, ಮುಂದಿನ ಸೀಟಿನವನಿಗೆ ಕೇಳುವ ಹಾಗೆ. "ನಡಿ, ಮಗೂನ ಕರ್ಕೊಂಡು ಬರೋಣ."